ಮೊದಲು ಎದುರಾಳಿಯ ಮಾತು

ಕಾಕಾ ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದ್ದು ಅವರ ಮನೆಯವರಲ್ಲ, ಅವರ ಎದುರಾಳಿ. ಬೆಳಿಗ್ಗೆ ದನದ ದವಾಖಾನೆಯ ಬೀಗ ತೆಗೆಯುತ್ತಿದ್ದೆ, ಫೋನು ಬಂತು. ರಾಯಬಾಗದ ಅಕ್ಕ. ಹಲೋ ಇಲ್ಲ, ಆರಾಮಾ ಅಂತ ಕೇಳಲಿಲ್ಲ.

"ಡಾಕ್ಟರ, ಮುದುಕ ಆಟಾ ಅರ್ಧಕ್ಕ ಬಿಟ್ಟು ಎದ್ದ ಹೋದ ನೋಡು," ಅಂದರು. "ಇನ್ನ ಮ್ಯಾಲ ನಾ ಯಾರನ್ನ ಬೈಲಿ?" ಅಂದು ಫೋನು ಇಟ್ಟುಬಿಟ್ಟರು.

ನಲವತ್ತು ವರ್ಷ ಊರ ಮುಂದೆ ನಿಂತು ಒಬ್ಬರನ್ನೊಬ್ಬರು ಬೈದುಕೊಂಡವರು ಅವರಿಬ್ಬರು. ಬೈಗಳೆಂದರೆ ಬೀದಿ ಜಗಳದ ಬೈಗಳಲ್ಲ, ಗೀಗೀ ಪದದ ಬೈಗಳು. ನಮ್ಮ ಅಥಣಿ, ಚಿಕ್ಕೋಡಿ, ರಾಯಬಾಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು ಹೇಳುತ್ತೇನೆ. ಹಾಡುವವರಲ್ಲಿ ಎರಡು ಪಕ್ಷ. ಶಿವ ದೊಡ್ಡವನು ಅನ್ನುವವರು ಹರದೇಶಿ, ಶಕ್ತಿ ದೊಡ್ಡವಳು ಅನ್ನುವವರು ನಾಗೇಶಿ. ಒಂದು ಪಕ್ಷ ದಪ್ಪು ಅನ್ನುವ ಚರ್ಮವಾದ್ಯ ಬಡಿದು ಸವಾಲು ಹಾಕುತ್ತದೆ, ಇನ್ನೊಂದು ಪಕ್ಷ ಎದ್ದು ಜವಾಬು ಕೊಡುತ್ತದೆ. ಆ ಹೊತ್ತು ದೇವರು ದಿಂಡರು ಯಾರಿಗೂ ರಿಯಾಯಿತಿ ಇಲ್ಲ. ಊರು ಕುಳಿತು ಕೇಳುತ್ತದೆ, ನಗುತ್ತದೆ, ಆಮೇಲೆ ಎದ್ದು ಅದೇ ದೇವರಿಗೆ ಕೈಮುಗಿದು ಮನೆಗೆ ಹೋಗುತ್ತದೆ.

ಅಕ್ಕ ನಾಗೇಶಿ. ನಮ್ಮ ಕಾಕಾ ಹರದೇಶಿ. ತಲೆಯ ಮೇಲೆ ಬಿಳಿ ಟೋಪಿ, ಐದು ಹೊತ್ತಿನ ನಮಾಜು, ಬಾಯಲ್ಲಿ ಶಿವನ ವಕಾಲತ್ತು.

ಕಾಕಾನ ಊರು ಕಾಗವಾಡದ ಆಚೆ, ಸಾಂಗಲಿಯ ಬಸ್ಸು ಹೋಗುವ ದಾರಿಯಲ್ಲಿ. ಕಸುಬು ದ್ರಾಕ್ಷಿ ತೋಟದ ಚಾಟಣಿ. ವರ್ಷಕ್ಕೆ ಎರಡು ಸಲ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವ ಕೆಲಸ ಅದು. ಚಿಗುರೊಡೆಯುವ ಎಷ್ಟು ಕಣ್ಣು ಬಿಟ್ಟು ಎಲ್ಲಿ ಕತ್ತರಿಸಬೇಕು ಅನ್ನುವುದರ ಮೇಲೆ ಆ ವರ್ಷದ ಬೆಳೆ ನಿಂತಿರುತ್ತದೆ. ನಿಪ್ಪಾಣಿ ಪೇಟೆಯಲ್ಲಿ ಕೊಂಡ ಹಳೆಯ ಕತ್ತರಿಯೊಂದು ಅವರ ಸೊಂಟದಲ್ಲಿ ಯಾವಾಗಲೂ ಸಿಕ್ಕಿರುತ್ತಿತ್ತು. ಮದುವೆಗೆ ಬಂದರೂ ಇರುತ್ತಿತ್ತು. "ಅದ್ಯಾಕ ಕಾಕಾ ಮದವಿ ಮನಿಗೆ?" ಅಂದರೆ, "ವರಾನ ಮೀಶಿ ನೋಡೀ ಏನ? ಒಂದ ಕಡೆ ಉದ್ದ ಐತಿ," ಅನ್ನುವರು.

ನನಗೆ ಅವರ ಗುರುತಾದದ್ದು ಎಮ್ಮೆಯಿಂದ. ನಾನು ದವಾಖಾನೆಯಲ್ಲಿ ಬರೀ ಕಂಪೌಂಡರು. ಡಾಕ್ಟರು ವಾರಕ್ಕೆ ಎರಡು ದಿನ ಬರುವವರು. ಕಾಕಾ ಎಮ್ಮೆ ಹೊಡೆದುಕೊಂಡು ಬಂದು, "ಡಾಕ್ಟರ, ನೋಡ್ರಿ ಇದನ್ನ," ಅಂದರು.

"ನಾ ಡಾಕ್ಟರ ಅಲ್ರಿ."

"ಇರಲಿ ಬಿಡ್ರಿ, ಎಮ್ಮಿಗೇನ ಗೊತ್ತಾಗೂದಿಲ್ಲ."

ಅವತ್ತಿನಿಂದ ನಾನು ಅವರಿಗೂ ಅವರ ಬಳಗಕ್ಕೂ ಡಾಕ್ಟರ. "ಏನಾಗೇತ್ರಿ ಎಮ್ಮಿಗೆ?" ಅಂತ ಕೇಳಿದೆ. ಕಾಕಾ ಗಂಟಲು ಸರಿಮಾಡಿಕೊಂಡರು.

"ಮೊದಲ ಎಮ್ಮೀ ಮಾತ ಹೇಳತೀನ್ರಿ, ಆಮ್ಯಾಲ ನನ್ನ ಮಾತ. ಎಮ್ಮಿ ಏನಂತೈತಿ ಅಂದ್ರ, ಈ ಮುದುಕ ನಾಕ ದಿನದಿಂದ ನನಗ ಬರೇ ಹಸೀ ಕಬ್ಬಿನ ಸೋಗಿ ಹಾಕ್ಯಾನ. ಹೊಟ್ಟಿ ಉಬ್ಬಿ ನಗಾರಿ ಆಗೇತಿ. ಅಂಥಾದ್ರಾಗ ಬಂದು ಹಾಲ ಹಿಂಡತೀನಂದ್ರ ಒದೀಲಾರದ ಏನ ಮಾಡಲಿ? ಇದು ಅದರ ಮಾತು, ಖರೇ ಐತಿ. ಇನ್ನ ನನ್ನ ಮಾತು. ನನ್ನ ಮೊಳಕಾಲಿಗೂ ಒಂದೀಟು ಮುಲಾಮ ಕೊಡ್ರಿ."

ತಮಾಷೆಗೆ ಹಾಗೆ ಅಂದರು ಅಂದುಕೊಂಡಿದ್ದೆ. ಅಲ್ಲ, ಅದು ಅವರ ನೇಮ. ಎದುರಿಗೆ ಯಾರೇ ಇರಲಿ, ಮೊದಲು ಅವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಬೇಕು, ಆಮೇಲೆ ತನ್ನ ಮಾತಿಗೆ ಬಾಯಿ ತೆರೆಯಬೇಕು. ಇದನ್ನು ಅವರು ತಮ್ಮ ಅಪ್ಪನಿಂದ ಕಲಿತದ್ದು. ಅಪ್ಪನೂ ಹರದೇಶಿ ಹಾಡಿದವರೇ. ಎದುರಾಳಿ ಸವಾಲು ಹಾಕಿ ಕುಳಿತ ಮೇಲೆ ಕಾಕಾ ಎದ್ದವರು ನೇರ ಜವಾಬಿಗೆ ಹೋಗುತ್ತಿರಲಿಲ್ಲ. ಅದೇ ಸವಾಲನ್ನು, ಅದೇ ಧಾಟಿಯಲ್ಲಿ, ಒಂದು ಅಕ್ಷರ ಕಡಿಮೆ ಮಾಡದೆ, ಸಾಧ್ಯವಾದರೆ ಇನ್ನಷ್ಟು ಖಾರ ಅರೆದು ತಾವೇ ಹಾಡಿ ತೋರಿಸುವರು. "ಹಿಂಗ ಹೌದಿಲ್ಲ ಬೇ ನಿನ್ನ ಮಾತು?" ಅಂತ ಅಕ್ಕನ ಕಡೆ ತಿರುಗಿ ಕೇಳುವರು. ಅಕ್ಕ ತಲೆಯಾಡಿಸಿದ ಮೇಲೇ ಜವಾಬು. ಒಮ್ಮೊಮ್ಮೆ ಅಕ್ಕ ಕುಳಿತಲ್ಲಿಂದಲೇ, "ಏ, ನಾ ಇಷ್ಟ ಚಂದ ಹೇಳಿದ್ದಿಲ್ಲೋ ಮಾರಾಯಾ, ನೀನ ನಮ್ಮ ಕಡೆ ಬಂದಬಿಡು," ಅನ್ನುವರು. ಕೂತ ಮಂದಿ ಬಿದ್ದು ಬಿದ್ದು ನಗುವರು.

ಈ ನೇಮದಿಂದ ಅವರಿಗೆ ಸಂಸಾರದಲ್ಲಿ ಆದ ಲುಕ್ಸಾನು ಒಂದೆರಡಲ್ಲ. ಒಮ್ಮೆ ಬಾವಿಯ ನೀರಿನ ಪಾಳಿಗಾಗಿ ಪಕ್ಕದ ಹೊಲದವನ ಜೊತೆ ತಕರಾರು ಬಿತ್ತು. ಹಿರಿಯರು ಕೂಡಿದರು. ಕಾಕಾ ಎದ್ದು, "ಮೊದಲ ಅವನ ಮಾತ ಹೇಳತೀನ್ರಿ," ಅಂತ ಶುರು ಮಾಡಿದರು. ಅವನ ಹೊಲ ಎತ್ತರದಲ್ಲಿರುವುದು, ನೀರು ಏರಲು ಹೊತ್ತು ಹಿಡಿಯುವುದು, ಅವನ ಎರಡು ಎಕರೆ ಬದನೆ ಬಾಡಿದ್ದು, ಎಲ್ಲವನ್ನೂ ಎಷ್ಟು ಕರುಳು ಚುರ್ ಅನ್ನುವಂತೆ ಹೇಳಿದರೆಂದರೆ, ಹಿರಿಯರು ಅವರ ಸ್ವಂತ ಮಾತು ಕೇಳುವ ಮೊದಲೇ ಪಕ್ಕದವನ ಕಡೆ ನ್ಯಾಯ ಕೊಟ್ಟು ಚಹಾಕ್ಕೆ ಎದ್ದರು. ಕಾಕಾನ ಹೆಂಡತಿ, ನಮ್ಮ ಕಾಕೂ, ಮೂರು ದಿನ ಮಾತು ಬಿಟ್ಟರಂತೆ. ನಾಲ್ಕನೆಯ ದಿನ ರೊಟ್ಟಿ ಹಾಕುತ್ತ, "ನಾ ನಿಮ್ಮ ಹೇಣತಿ ಆಗಬಾರದಾಗಿತ್ರಿ. ಎದುರಾಳಿ ಆಗಬೇಕಿತ್ತು. ಆವಾಗರೆ ನನ್ನ ಮಾತ ನಾಕ ಮಂದ್ಯಾಗ ಹೇಳತಿದ್ರಿ," ಅಂದರಂತೆ. ಇದನ್ನು ಕಾಕಾನೇ ಹೇಳಿ ನಗುತ್ತಿದ್ದರು. ಹೇಳುವಾಗಲೂ ಕಾಕೂನ ಮಾತನ್ನೇ ಮೊದಲು ಹೇಳುತ್ತಿದ್ದರು.

ದೇವರನ್ನು ಎಷ್ಟು ಬೇಕಾದರೂ ಕೆಣಕಬಹುದು ಅನ್ನುವ ಅವರಿಗೆ ಒಂದು ಗೆರೆ ಮಾತ್ರ ಇತ್ತು. ಅದನ್ನು ನಾನು ಕಣ್ಣಾರೆ ಕಂಡದ್ದು ಚಿಕ್ಕೋಡಿಯ ಹತ್ತಿರ ಒಂದು ಊರಲ್ಲಿ. ಆಟ ರಂಗೇರಿತ್ತು. ಕಾಕಾನ ಮೇಳದಲ್ಲೇ ಹೊಸದಾಗಿ ಸೇರಿದ ಒಬ್ಬ ಹಾಡುಗಾರ, ಮಂದಿಯ ಸೀಟಿಗೆ ಉಬ್ಬಿ, ಅಕ್ಕನ ಮೇಲೊಂದು ಸಾಲು ಕಟ್ಟಿ ಹಾಡಿಬಿಟ್ಟ. ಗಂಡ ಸತ್ತವಳು ಹಣೆಗೆ ಬೊಟ್ಟಿಟ್ಟುಕೊಂಡು ಹಾಡಲು ಬರುತ್ತಾಳೆ ಅನ್ನುವ ಅರ್ಥದ ಸಾಲು. ಮಂದಿಯಲ್ಲಿ ಕೆಲವರು ನಕ್ಕರು. ಕಾಕಾ ದಪ್ಪು ನೆಲಕ್ಕಿಟ್ಟರು. ಮುಂದೆ ಬಂದು, "ಹರದೇಶಿ ಸೋತೈತಿ. ಆಟ ಮುಗೀತು," ಅಂದರು.

ಗೆಲ್ಲುತ್ತಿದ್ದ ಆಟ. ಊರವರು ಗದ್ದಲ ಮಾಡಿದರು. ಕಾಕಾ ಜಗ್ಗಲಿಲ್ಲ. "ದೇವರಿಗೆ ಏನ ಬೇಕಾದ್ದ ಕೇಳ್ರಿ, ಅಂವ ಗಟ್ಟಿ ಅದಾನ, ತಡಕೋತಾನ. ಎದುರಿಗೆ ಕುಂತ ಮನಶ್ಯಾನ ಹುಟ್ಟು, ಅಂವ ಉಣ್ಣೂ ಕೂಳು, ಮನಿಯಾಗಿನ ಸಾವು, ಇವನ್ನ ಕೇಳಬಾರದು. ಇವಕ್ಕ ಜವಾಬು ಇರೂದಿಲ್ಲ. ಜವಾಬು ಇಲ್ಲದ್ದನ್ನ ಸವಾಲು ಅನ್ನೂದಿಲ್ಲ, ಬಡಿಯೂದು ಅಂತಾರ." ಆ ಹಾಡುಗಾರ ಅಕ್ಕನ ಕಾಲಿಗೆ ಬಿದ್ದ. ಅಕ್ಕ ಅವನ ಕಿವಿ ಹಿಂಡಿ, "ಧಾಟಿ ಚೊಲೊ ಇತ್ತೋ ಖೋಡಿ, ಮಾತಷ್ಟ ಹೊಲಸ ಇತ್ತು," ಅಂದರು.

ಅಕ್ಕನೂ ಕಡಿಮೆಯವರಲ್ಲ. ಆಟದ ನಡುವೆ ಸಂಜೆಯ ನಮಾಜಿನ ಹೊತ್ತಾದರೆ ಕಾಕಾ ಹಿಂದೆ ಹೋಗುವರು. ಆಗ ಅಕ್ಕ ಬೇಕೆಂದೇ ಉದ್ದನೆಯ, ನಿಧಾನದ ಒಂದು ಪದ ತೆಗೆಯುವರು. ಕಾಕಾ ತಿರುಗಿ ಬಂದು ದಪ್ಪು ಹಿಡಿಯುವ ತನಕ ಎಳೆಯುವರು. ಒಮ್ಮೆ ಯಾರೋ, "ಯಾಕ್ರಿ ಅಕ್ಕಾ, ಇಷ್ಟ ಎಳೀತೀರಿ?" ಅಂದದ್ದಕ್ಕೆ, "ಆಸಾಮಿ ಇಲ್ಲದಾಗ ಗೆದ್ರ ಏನ ಬಂತೋ?" ಅಂದರು.

ಕಾಕಾನ ಮೇಲೆ ಅವರ ಮಂದಿಗೂ ಬೇಸರ ಇರದೆ ಇರಲಿಲ್ಲ. ಕುಡಚಿಯಿಂದ ಬಂದ ನೆಂಟರೊಬ್ಬರು, ಬೇರೆಯವರ ದೇವರ ಹಾಡು ನಿನಗೆ ಯಾಕೆ ಅಂತ ಮನೆಯಲ್ಲಿ ಕೂತು ತಕರಾರು ತೆಗೆದರು. ನಾನು ಅಲ್ಲೇ ಇದ್ದೆ. ಕಾಕಾ ಎಂದಿನಂತೆ ಅವರ ಮಾತನ್ನೇ ಅವರಿಗಿಂತ ಗಟ್ಟಿಯಾಗಿ ಹೇಳಿದರು. ಆಮೇಲೆ, "ನಮ್ಮಪ್ಪ ಹಿಡದ ಪಕ್ಷ ಐತಿ. ವಕೀಲ ಆಸಾಮೀನ ನಡು ಕೋರ್ಟಿನ್ಯಾಗ ಬಿಟ್ಟ ಬರೂದು ಯಾವ ಧರಮದಾಗ ಬರದೈತಿ? ನನ್ನ ನಮಾಜು ತಪ್ಪಿಲ್ಲ, ಅವನ ಕೇಸೂ ತಪ್ಪಿಲ್ಲ," ಅಂದರು. ನೆಂಟರು ಚಹಾ ಕುಡಿದು ಹೋದರು. ಒಪ್ಪಲಿಲ್ಲ, ಸಂಬಂಧವನ್ನೂ ಬಿಡಲಿಲ್ಲ.

ಇನ್ನು ನನ್ನ ತಪ್ಪಿನ ಕಥೆಗೆ ಬರಬೇಕು.

ನಮ್ಮ ಅಥಣಿ ಕಡೆಯ ಅನಂತಪುರದ ಆಚೆಯ ಒಂದು ಹಳ್ಳಿಯಲ್ಲಿ ಶ್ರಾವಣದ ಕಡೆಯ ಸೋಮವಾರ ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನ ತನಕ ಗೀಗೀ ಆಟ ಇರುತ್ತದೆ. ಗುಡಿಯ ಮುಂದಿನ ಕಟ್ಟೆ, ಎರಡು ಬೇವಿನ ಮರ, ಮರಕ್ಕೊಂದು ಪಕ್ಷ. ಆ ವರ್ಷ ಅಕ್ಕ ಹೊಸ ಸವಾಲು ಕಟ್ಟಿಕೊಂಡು ಬಂದಿದ್ದರು.

"ಹೊಟ್ಟಿ ಹಸದು ಹೇಣತಿ ಮುಂದ ಕೈಯ ಒಡ್ಡಿ ನಿಂತಾಂವ,
ಉಡಾಕ ತೊಗಲು, ಬಳಿಯಾಕ ಬೂದಿ, ತಲಿಮ್ಯಾಲ ಸೂರ ಇಲ್ಲದಾಂವ,
ಒಂದ ಮನೀ ಕಟ್ಟಾಕ ಆಗಲಿಲ್ಲ, ಮೂರ ಲೋಕ ಆಳತಾನಂತ ಇಂವ?"

ಮಂದಿ ಕೇಕೆ ಹಾಕಿತು. ಕಾಕಾ ಎದ್ದರು. ನಾನು ಫೋನು ತೆಗೆದು ಚಿತ್ರೀಕರಣ ಶುರು ಮಾಡಿದೆ. ಅವರು ನೇಮದಂತೆ ಅಕ್ಕನ ಸವಾಲನ್ನು ಅಭಿನಯ ಮಾಡಿ ಹಾಡಿದರು. ಟೋಪಿಯನ್ನು ಕೈಗೆ ತೆಗೆದುಕೊಂಡು ಭಿಕ್ಷಾಪಾತ್ರೆ ಮಾಡಿ ಮಂದಿಯ ಮುಂದೆ ಹಿಡಿದರು, ಮತ್ತೆ ತಲೆಗಿಟ್ಟುಕೊಂಡರು. ಆಮೇಲೆ ಜವಾಬು. ಒಟ್ಟು ಆರು ನಿಮಿಷ. ಜವಾಬು ಮುಗಿದಾಗ ನನ್ನ ಪಕ್ಕದಲ್ಲಿ ಕುಳಿತ ಒಬ್ಬ ಹೆಣ್ಣುಮಗಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಉಬ್ಬಿಹೋಗಿ ಅದನ್ನು ಅಲ್ಲೇ ಫೋನಿನ ಸ್ಟೇಟಸ್ಸಿಗೆ ಹಾಕಿದೆ. 'ನಮ್ಮ ಕಾಕಾ' ಅಂತ ಬರೆದೆ.

ಸ್ಟೇಟಸ್ಸು ಅರ್ಧ ನಿಮಿಷಕ್ಕೆ ತಾನೇ ಕತ್ತರಿಸುತ್ತದೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ನೋಡಿದವರಿಗೆ ಕಂಡದ್ದು ಇಷ್ಟೆ: ಬಿಳಿ ಟೋಪಿಯ ಒಬ್ಬ ಮುದುಕ ಗುಡಿಯ ಮುಂದೆ ನಿಂತು ಶಿವನನ್ನು ಅಣಕಿಸುತ್ತಿದ್ದಾನೆ, ಸುತ್ತ ಮಂದಿ ನಗುತ್ತಿದೆ.

ಎರಡು ದಿನದಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ಅದರ ಮೇಲೆ ಯಾರೋ ಕೆಂಪು ಅಕ್ಷರದಲ್ಲಿ 'ದೇವರಿಗೆ ಅವಮಾನ' ಅಂತ ಬರೆದಿದ್ದರು. ಮೂರನೆಯ ದಿನ ಕಾಕಾನನ್ನು ಠಾಣೆಗೆ ಕರೆಸಿದರು. ಅರ್ಜಿ ಕೊಟ್ಟವನು ಅದೇ ಹಳ್ಳಿಯವನು, ದ್ರಾಕ್ಷಿಗೆ ಹೊಡೆಯುವ ಔಷಧದ ಅಂಗಡಿ ಇಟ್ಟವನು. ಮೂವತ್ತರ ಆಸುಪಾಸಿನ ಗೃಹಸ್ಥ. ಅವನ ಅಪ್ಪನ ಕಾಲದಿಂದ ಅವರ ತೋಟದ ಚಾಟಣಿ ಮಾಡಿದ್ದು ಕಾಕಾನ ತಂಡವೇ. ಆಟದ ದಿನ ಅವನು ಊರಲ್ಲಿರಲಿಲ್ಲ, ಫೋನಿನಲ್ಲಿ ನೋಡಿದ್ದ.

ನಾನು ಓಡಿಹೋದೆ. ಪೂರ್ತಿ ಆರು ನಿಮಿಷ ನನ್ನ ಫೋನಿನಲ್ಲಿದೆ, ನೋಡಿರಿ ಅಂತ ಗೋಗರೆದೆ. ಔಷಧದಂಗಡಿಯವನ ಜೊತೆ ಬಂದವರು, "ಅದೆಲ್ಲಾ ಆಮ್ಯಾಲ ಸೇರಿಸಿದ್ದು," ಅಂದರು. ಠಾಣೆಯ ಸಾಹೇಬರು ಒಳ್ಳೆಯವರೇ, ಆದರೆ ಹೊರಗೆ ಮಂದಿ ಕೂಡುತ್ತಿತ್ತು. ಒಂದು ನಿಮಿಷ ನೋಡಿ ಫೋನು ತಿರುಗಿ ಕೊಟ್ಟರು. ಆರು ನಿಮಿಷ ನೋಡುವ ಪುರಸೊತ್ತು ಆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ.

"ನೀವ ಹೇಳ್ರಿ ಅಜ್ಜಾ, ಏನ ನಡೀತು?" ಅಂತ ಕಾಕಾನನ್ನು ಕೇಳಿದರು.

ಕಾಕಾ ಗಂಟಲು ಸರಿಮಾಡಿಕೊಂಡರು. ಬೇಡ ಕಾಕಾ, ಇಲ್ಲಿ ಬೇಡ ಅನ್ನುವಷ್ಟರಲ್ಲಿ ಶುರು ಮಾಡಿಬಿಟ್ಟಿದ್ದರು.

"ಮೊದಲ ಈ ತಮ್ಮಗೋಳ ಮಾತ ಹೇಳತೀನ್ರಿ ಸಾಹೇಬರ. ದೇವರಂದ್ರ ಇವರಿಗೆ ಹಡದ ತಂದಿ ಇದ್ದಂಗ. ತಂದೀನ ಒಬ್ಬಾಂವ ಭಿಕಾರಿ ಅಂದ್ರ ಮಕ್ಕಳಿಗೆ ಉರೀತೈತಿ. ಮನಿಯವ ಅಂದ್ರ ತಡಕೋಬಹುದು. ಟೋಪಿ ಹಾಕ್ಕೊಂಡಾಂವ, ನೆರೆಮನಿಯವ, ಶ್ರಾವಣ ಸೋಮಾರ ದಿನಾ, ಗುಡಿ ಮುಂದ ನಿಂತು ಅಂದ್ರ, ನಾಕ ಮಂದಿ ನಕ್ರ, ಯಾವ ಮಗ ಸುಮ್ಮ ಕುಂತಾನ್ರಿ? ನಾ ಇವರ ಜಾಗಾದಾಗ ಇದ್ರ ನಾನೂ ಇಲ್ಲಿ ಬಂದು ನಿಲ್ಲತಿದ್ದೆ..."

"ಒಪ್ಪಿಕೊಂಡ್ರಲ್ಲ! ಬರಕೋರಿ ಸಾಹೇಬರ!" ಅಂತ ಹಿಂದಿನಿಂದ ಗದ್ದಲ ಎದ್ದಿತು. ಕಾಕಾನ ಸ್ವಂತ ಮಾತಿಗೆ ಪಾಳಿ ಬರಲೇ ಇಲ್ಲ. ಸಾಹೇಬರು ಒಂದು ಹಾಳೆ ಮುಂದಿಟ್ಟರು. ಆ ಸಾಲುಗಳನ್ನು ಇನ್ನು ಮುಂದೆ ಸಾರ್ವಜನಿಕವಾಗಿ ಹಾಡುವುದಿಲ್ಲ ಅನ್ನುವ ಮುಚ್ಚಳಿಕೆ. "ಊರು ತಣ್ಣಗಿರಲಿ ಅಜ್ಜಾ, ಒಂದ ಸಹಿ," ಅಂದರು. ಕಾಕಾ ಓದಿಸಿ ಕೇಳಿ ಸಹಿ ಮಾಡಿದರು. ಹೊರಗೆ ಬಂದು ಬೇವಿನ ನೆರಳಿಗೆ ನಿಂತು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಟೋಪಿಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದರು.

ಸಹಿ ಮಾಡಿದ್ದು ಆ ಮೂರು ಸಾಲಿಗೆ ಮಾತ್ರ. ಬೇರೆ ಹಾಡು ಹಾಡಬಹುದಿತ್ತು. ಆದರೆ ಅವತ್ತಿನಿಂದ ಅವರು ದಪ್ಪು ಮುಟ್ಟಲಿಲ್ಲ. ಮೇಳದವರು ಬಂದು ಕರೆದರೆ, "ಎದುರಾಳಿ ಮಾತ ಒಂದ ಕಡೆ ನುಂಗಿದೆ ಅಂದ್ರ, ನಾಳೆ ಇನ್ನೊಂದ ಕಡೆ ನುಂಗತೀನಿ. ಹಂಗ ಹಾಡೂದು ನಮ್ಮಪ್ಪ ಕಲಿಸಿಲ್ಲ," ಅನ್ನುವರು. ದಪ್ಪು ಗೋಡೆಯ ಗೂಟಕ್ಕೆ ಹೋಯಿತು. ಮಳೆಗಾಲದಲ್ಲಿ ಅದರ ಚರ್ಮ ಸಡಿಲಾಗುವುದನ್ನು ಕಾಕೂ ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದರಂತೆ.

ನಾನು ಮೋರೆ ತೋರಿಸಲಾರದೆ ಒಂದೂವರೆ ತಿಂಗಳು ತಪ್ಪಿಸಿಕೊಂಡೆ. ದಸರೆ ಮುಗಿದು ಚಾಟಣಿಯ ದಿನ ಬಂದಾಗ ಅವರನ್ನು ಹುಡುಕಿಕೊಂಡು ಒಂದು ತೋಟಕ್ಕೆ ಹೋದೆ. ಔಷಧದಂಗಡಿಯವನು ಆ ವರ್ಷ ಮಿರಜ ಕಡೆಯ ಬೇರೆ ತಂಡವನ್ನು ಕರೆಸಿದ್ದ. ಕಾಕಾ ಬೇರೊಬ್ಬರ ತೋಟದಲ್ಲಿ ಬಳ್ಳಿಯ ಚಪ್ಪರದ ಕೆಳಗೆ ನಿಂತು ಕತ್ತರಿ ಆಡಿಸುತ್ತಿದ್ದರು. ನಾನು ಎಲ್ಲವನ್ನೂ ಒಪ್ಪಿಸಿದೆ. ಸ್ಟೇಟಸ್ಸು ಹಾಕಿದವನು ನಾನು, ಕಾಕಾ. ನನ್ನಿಂದಾಗಿ ನಿಮ್ಮ ಹಾಡು ನಿಂತಿತು ಅಂದೆ.

ಅವರು ಕತ್ತರಿ ನಿಲ್ಲಿಸಲಿಲ್ಲ. "ಮೊದಲ ನಿನ್ನ ಮಾತ ಹೇಳತೀನಿ ಡಾಕ್ಟರ. ಹಾಡು ನಿನ್ನ ಮನಸಿಗೆ ಸೇರಿತು. ನಾಕ ಮಂದಿ ಕೇಳಲಿ ಅಂದಿ. ನಮ್ಮ ಕಾಕಾ ಅಂತ ಬರದಿ. ಆ ಮಾತಿನ್ಯಾಗ ಪಿರೂತಿ ಬಿಟ್ಟು ಬ್ಯಾರೆ ಏನೂ ಇದ್ದಿಲ್ಲ. ನಿನಗ ಕತ್ತರಿಸೂದು ಗೊತ್ತಿಲ್ಲ. ನಿನ್ನ ಫೋನಿಗೂ ಗೊತ್ತಿಲ್ಲ. ನಾ ಆದ್ರ ಎರಡ ಕಣ್ಣ ಬಿಟ್ಟ ಮ್ಯಾಲ ಕತ್ತರಿಸತೀನಿ, ಮತ್ತ ಚಿಗೀಲಿ ಅಂತ. ಅದು ಕಣ್ಣಿನ ಕೆಳಗ ಕತ್ತರಿಸೇತಿ. ಅಷ್ಟ. ಇದು ನಿನ್ನ ಮಾತು, ಹೌದಿಲ್ಲ?"

ನಾನು ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂದಿತ್ತು. ಇನ್ನು ಅವರ ಮಾತು ಬರಬೇಕು. ಬೈಯಲಿ, ಅನ್ನಲಿ ಅಂತ ಕಾದೆ. ಕಾಕಾ ಒಂದು ಕಡ್ಡಿ ಹಿಡಿದು, ಕಣ್ಣು ಎಣಿಸಿ, ಕತ್ತರಿಸಿದರು.

"ನನ್ನ ಮಾತು ಇನ್ನೊಮ್ಮೆ ಹೇಳತೀನಿ. ಈಗ ಚಾ ಬಂತು, ಕುಡೀ."

ಮರುವರ್ಷದ ಶ್ರಾವಣ ಬಂತು. ಅದೇ ಹಳ್ಳಿ, ಅದೇ ಕಡೆಯ ಸೋಮವಾರ. ಕಾಕಾ ನನ್ನ ಗಾಡಿಯ ಹಿಂದೆ ಕುಳಿತು ಬಂದರು. ಕೈಯಲ್ಲಿ ದಪ್ಪು ಇಲ್ಲ. "ಕೇಳಾಕ ಬರಬಾರದು ಅಂತ ಬರದ ಕೊಟ್ಟಿಲ್ಲಲ್ಲ?" ಅಂದು ಕೊನೆಯ ಸಾಲಿನಲ್ಲಿ ಗೋಡೆಗೆ ಆತು ಕುಳಿತರು. ಹರದೇಶಿಯ ಮರದ ಕೆಳಗೆ ಅವರ ಮೇಳದ ಇಬ್ಬರು ಮೋರೆ ಕೆಳಗೆ ಹಾಕಿ ನಿಂತಿದ್ದರು.

ಅಕ್ಕ ಬಂದರು. ಹಸಿರು ಸೀರೆ, ಹಣೆ ತುಂಬ ಬೊಟ್ಟು. ಒಂಟಿ ತಂತಿಯ ತುಂತುಣಿ ಮೀಟಿ ನೇರ ಹೋದ ವರ್ಷದ ಸವಾಲನ್ನೇ ಎತ್ತಿದರು. ಅದೇ ಮೂರು ಸಾಲು. ಕಟ್ಟೆಯ ಮೇಲೆ ಕುಳಿತ ಹಿರಿಯರು ಬೆಚ್ಚಿಬಿದ್ದರು. ಮೊದಲ ಸಾಲಿನಲ್ಲಿದ್ದ ಔಷಧದಂಗಡಿಯವನು ನೆಟ್ಟಗಾದ. ಅಕ್ಕ ಹಾಡಿ ಮುಗಿಸಿ ಕೈ ಸೊಂಟಕ್ಕಿಟ್ಟು ಎದುರಿನ ಮರ ನೋಡಿದರು. ಜವಾಬಿಲ್ಲ. ಹಿರಿಯರಲ್ಲಿ ಒಬ್ಬರು ಮೇಳದ ಇಬ್ಬರಿಗೆ, "ನೀವರೆ ಹೇಳ್ರೆಪಾ," ಅಂದರು.

"ಅದು ಕಾಕಾನ ಜವಾಬ್ರಿ. ಕದ್ದ ಹಾಡಾಂಗಿಲ್ಲ," ಅಂದರು ಅವರು.

"ಹಂಗಾರ ತೀರಿತು," ಅಂದರು ಅಕ್ಕ, ಇಡೀ ಊರಿಗೆ ಕೇಳುವಂತೆ. "ಹ್ವಾದ ವರ್ಸ ಇದಕ್ಕ ಜವಾಬು ಇದ ಕಟ್ಟಿ ಮುಂದ ಬಂದಿತ್ತು. ಬಂದೇ ಇಲ್ಲ ಅಂತ ನೀವು ಅರ್ಜಿ ಬರದ್ರಿ. ಬಂದಿಲ್ಲ ಅಂದ್ರ ನಾ ಗೆದ್ದೆ. ಶ್ರಾವಣ ಸೋಮಾರ ದಿನಾ, ನಿಮ್ಮೂರ ಗುಡಿ ಮುಂದ, ಶಿವ ಸೋತ. ತರ್ರಿ, ಗೆದ್ದವರಿಗೆ ಉಡಸೂ ಸೀರಿ ತರ್ರಿ!"

ಮುದುಕಿಯೊಬ್ಬಳು ಹಿಂದಿನಿಂದ, "ಯಾರರೆ ಏನರೆ ಅನ್ರೋ, ನಮ್ಮ ಸ್ವಾಮಿ ಸೋತನಂತ," ಅಂತ ನಿಜವಾದ ಸಂಕಟದಿಂದ ಕೂಗಿದಳು. ಎಲ್ಲರ ಕಣ್ಣುಗಳೂ ನಿಧಾನವಾಗಿ ಔಷಧದಂಗಡಿಯವನ ಕಡೆ ಹೊರಳಿದವು. ಅವನು ಎದ್ದು ಮಂದಿಯ ನಡುವೆ ದಾರಿ ಮಾಡಿಕೊಂಡು ಕೊನೆಯ ಸಾಲಿಗೆ ಬಂದ. ಕಾಕಾನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಕಾಕಾ, ಜವಾಬಷ್ಟ ಹೇಳ್ರಿ. ಆ ಸವಾಲು ಬ್ಯಾಡ."

"ತಮ್ಮಾ, ಅಕಿ ಮಾತು ಬಿಟ್ಟು ನನ್ನ ಮಾತಷ್ಟ ಹೇಳಿದ್ರ ಯಾರಿಗೆ ಜವಾಬು ಕೊಟ್ಟಂಗಾತು? ನೀ ಬರೇ ಸವಾಲು ಕೇಳಿ ಉರಕೊಂಡಿ. ಬರೇ ಜವಾಬು ಕೇಳಿದವರು ಬರೇ ಉಬ್ಬತಾರ. ಎರಡೂ ಅರ್ಧನ. ಸಹಿ ಮಾಡೇನಿ, ಅದನ್ನೂ ಮುರಿಯೂದಿಲ್ಲ. ಅದಕ್ಕ ಸುಮ್ಮ ಕುಂತೇನಿ, ನೋಡು." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಎಷ್ಟು ಹಾಡಬೇಕೆನಿಸಿತ್ತೋ ಅಷ್ಟು ಗಟ್ಟಿಯಾಗಿ ದಪ್ಪು ಬಡಿಯುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದರು.

ಆಗ ಅಕ್ಕ ತಮ್ಮ ಮರ ಬಿಟ್ಟು ಹೊರಟರು. ನಾಗೇಶಿಯವರು ಹರದೇಶಿಯ ಮರದ ಕೆಳಗೆ ಹೋದದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಅಂಗಳ ದಾಟಿ ಬಂದು ಕಾಕಾನ ಮೇಳದವರ ಕೈಯಿಂದ ದಪ್ಪು ಕಿತ್ತುಕೊಂಡರು.

"ಎದುರಾಳಿ ಮಾತು ಮೊದಲ ಹೇಳಬೇಕನ್ನೂದು ಈ ಮುದುಕನ ನೇಮ. ಇವನ ಬಾಯಿಗೆ ಕಾಗದ ತುರಕೀರಿ. ನನ್ನ ಬಾಯಿಗೆ ತುರಕಿಲ್ಲ. ಇವನ ಪರವಾಗಿ ನನ್ನ ಮಾತ ನಾನ ಹೇಳತೀನಿ. ಏಳೋ, ಬಾ. ನಿನ್ನ ಪಾಳಿ ಬರೂದರಾಗ ಕಟ್ಟಿಗೆ ಬಾ."

ಹರದೇಶಿಯ ಮರದ ಕೆಳಗೆ ನಿಂತು ಹರದೇಶಿಯ ಧಾಟಿಯಲ್ಲಿ ಅಕ್ಕ ತಮ್ಮದೇ ಸವಾಲು ಹಾಡಿದರು. ಕಾಕಾ ಎದ್ದರು. ನಡೆದು ಬಂದರು. ಟೋಪಿ ಸರಿಮಾಡಿಕೊಂಡರು. "ಹಿಂಗ ಹೌದಿಲ್ಲ ಬೇ ನಿನ್ನ ಮಾತು?" ಅಂದರು.

"ಹಿಂಗ ಹೌದು. ಇನ್ನ ಬೊಗಳು," ಅಂದರು ಅಕ್ಕ, ದಪ್ಪು ಅವರ ಕೈಗಿಡುತ್ತ.

"ಮನೀ ಕಟ್ಟಾಕ ಬರತಿತ್ತ ತಾಯಿ, ಕಟ್ಟಿದ ಮನಿಗೆ ಬಾಗಲ ಇರತಿತ್ತ,
ಬಾಗಲ ಇದ್ರ ಅಗಳಿ ಇರತಿತ್ತ, ಅಗಳಿ ಹೊರಗ ಯಾರೋ ಉಳೀತಿತ್ತ,
ಯಾರೂ ಹೊರಗ ಉಳೀಬಾರದಂತ ಅಂವಾ ತಾನ ಹೊರಗ ಕುಂತಾನ.
ಉಣಿಸೂ ಕೈ ನಿಂದು ದೊಡ್ಡದ ಖರೆ, ಬೇಡೂ ಕೈಯೂ ಸಣ್ಣದಲ್ಲ,
ಬೇಡಾಕ ಬಂದ ಬಡವಗ ನಾಚಿಕಿ ಆಗಬಾರದಂತ ಸಾಲಿನ್ಯಾಗ ಮೊದಲ ನಿಂತಾನ."

ಮುದುಕಿ, "ಆಂ, ಹಂಗನ್ನು," ಅಂತ ತೃಪ್ತಿಯಿಂದ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. ಔಷಧದಂಗಡಿಯವನು ನಿಂತೇ ಇದ್ದ. ಫೋನು ಜೇಬಿನಲ್ಲೇ ಇತ್ತು. ಕಾಕಾ ಕೆಳಗಿಳಿದಾಗ ಹತ್ತಿರ ಬಂದು ಒಂದೇ ಮಾತು ಕೇಳಿದ.

"ಇಷ್ಟ ಉದ್ದ ಐತೇನ್ರಿ ಇದು?"

"ಇನ್ನೂ ಐತಿ ತಮ್ಮಾ. ನಿಂದರಾಕ ಮೊಳಕಾಲ ಬರವಲ್ದಂತ ಲಗೂ ಮುಗಿಸಿದೆ."

ಅವನು ಕ್ಷಮೆ ಕೇಳಲಿಲ್ಲ. ಅರ್ಜಿ ವಾಪಸು ತೆಗೆದುಕೊಂಡನೋ ಇಲ್ಲವೋ ನನಗೆ ತಿಳಿಯದು. ದಸರೆಯ ಮುಂದೆ ಕಾಕಾನ ಮನೆಗೆ ಹೇಳಿಕಳಿಸಿದ, ತೋಟ ಚಾಟಣಿಗೆ ಬಂದೈತಿ ಅಂತ. ಕಾಕಾ ಹೋದರು. ಆ ವರ್ಷದ್ದೇ ಅವರ ಕೊನೆಯ ಚಾಟಣಿ.

ಬೇಸಿಗೆಯಲ್ಲಿ ಹಾಸಿಗೆ ಹಿಡಿದರು. ನೋಡಲು ಹೋದೆ. ಹೊರಸಿನ ಮೇಲೆ ಮಲಗಿದ್ದರು, ದಪ್ಪು ಗೂಟದಲ್ಲಿತ್ತು, ಆದರೆ ಚರ್ಮ ಬಿಗಿಯಾಗಿತ್ತು. ಕಾಕೂ ಚಹಾ ಮಾಡಲು ಒಳಗೆ ಹೋದಾಗ ಧೈರ್ಯ ಮಾಡಿ ಕೇಳಿದೆ.

"ಕಾಕಾ, ಅವತ್ತ ತೋಟದಾಗ ನನ್ನ ಮಾತ ಹೇಳಿದ್ರಿ. ನಿಮ್ಮ ಮಾತ ಬಾಕಿ ಇಟ್ರಿ. ಆ ವರ್ಸ ನಿಮಗ ಹೆಂಗಿತ್ತಂತ ಹೇಳಲೇ ಇಲ್ಲ."

ಅವರು ಚಾವಣಿ ನೋಡುತ್ತ ನಕ್ಕರು. ಕೆಮ್ಮು ಬಂತು. ತಡೆದುಕೊಂಡು, "ಇಷ್ಟ ವರ್ಸ ಜೋಡಿ ತಿರಗೀದಿ. ನನ್ನ ಮಾತು ಇನ್ನ ನಾನ ಹೇಳಬೇಕೇನ?" ಅಂದರು. "ನೀ ಹೇಳು. ನನ್ನಕಿಂತ ಚೊಲೊ ಹೇಳು. ಆಮ್ಯಾಲ ನಿನ್ನ ಜವಾಬು."

ಮಣ್ಣು ಮಾಡಿ ಬಂದ ದಿನ ಸಂಜೆ ಅಕ್ಕ ಕಾಕೂನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು. ಕಾಕೂ ಎದ್ದು ಗೂಟದಿಂದ ದಪ್ಪು ತೆಗೆದು ಅಕ್ಕನ ತೊಡೆಯ ಮೇಲಿಟ್ಟರು. ಅಕ್ಕ ಅದನ್ನು ಬಾರಿಸಲಿಲ್ಲ, ಅಂಗೈಯಿಂದ ಸವರುತ್ತ ಕುಳಿತರು.

ಆ ವರ್ಷ ಕಾಕಾನಿಗೆ ಹೇಗಿತ್ತು ಅನ್ನುವುದನ್ನು ಇಲ್ಲಿ ನನಗೆ ಬಂದಷ್ಟು ಹೇಳಿದ್ದೇನೆ. ಅವರಿಗಿಂತ ಚೆನ್ನಾಗಿ ಹೇಳಲು ಆಗಿಲ್ಲ. ನನ್ನ ಜವಾಬು ಇನ್ನೂ ಸಿಕ್ಕಿಲ್ಲ.